ಮಾರ್ಕ್ಸಿಗೆ ಓಡುವ ಕಾಲು ಎಷ್ಟು ದಿನ ಓಡೀತು?

ಬೆಳಿಗ್ಗೆ ಎಂಟು ಗಂಟೆಗೆ ಆಲೂರು ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಮುಂದಿನ ಮೂವತ್ತು ವರ್ಷ ನಮ್ಮ ಮಕ್ಕಳಿಗೆ ಪಾಠ ಹೇಳುವವರು ಯಾರು ಅಂತ ಕಣ್ಣಾರೆ ನೋಡಬಹುದು. ಎಲ್ಲರದೂ ಒಂದೇ ಬಣ್ಣದ ಸೀರೆ. ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು, ಕೈಯಲ್ಲಿ ಪಾಠ ಯೋಜನೆಯ ಪುಸ್ತಕ, ಹೆಗಲಿಗೆ ಊಟದ ಡಬ್ಬಿಯ ಬ್ಯಾಗು. ಬಿ.ಇಡಿ., ಡಿ.ಎಲ್.ಇಡಿ. ಓದುವ ಹುಡುಗಿಯರು. ನಡುವೆ ಅಲ್ಲೊಬ್ಬ ಇಲ್ಲೊಬ್ಬ ಹುಡುಗ. ಹಿಂದೆ ಟಿ.ಸಿ.ಎಚ್. ಅಂತಿದ್ದೆವಲ್ಲ, ಆಮೇಲೆ ಡಿ.ಇಡಿ. ಆಯಿತು, ಈಗ ಮತ್ತೊಂದು ಹೆಸರು. ಹೆಸರು ಬದಲಾದರೂ ಹೆಗಲ ಮೇಲಿನ ಬ್ಯಾಗಿನ ಭಾರ ಕಮ್ಮಿ ಆಗಿಲ್ಲ.

ನಾನು ವಾರಕ್ಕೆ ಐದು ದಿನ ಹಾಸನ–ಸಕಲೇಶಪುರ ಮಧ್ಯೆ ಬಸ್ಸಿನಲ್ಲಿ ಓಡಾಡುವವನು. ನಲವತ್ತು ಕಿಲೋಮೀಟರಿನ ದಾರಿ, ಸುದ್ದಿಗಿಂತ ಮಾತು ಹೆಚ್ಚು ಸಿಗುತ್ತದೆ. ಮೊನ್ನೆ ರಸ್ತೆ ಕೆಲಸ ಅಂತ ಬಸ್ಸನ್ನು ಸ್ಟಾಪಿಗಿಂತ ಒಂದು ಫರ್ಲಾಂಗು ಮುಂದೆ ನಿಲ್ಲಿಸಿದರು. ಟ್ರೈನಿಂಗ್ ಹುಡುಗಿಯರು ಚಾರ್ಟು ಹಿಡಿದು ಏದುಸಿರು ಬಿಡುತ್ತಾ ಬಂದು ಹತ್ತಿ, 'ಇಷ್ಟು ದೂರ ನಿಲ್ಲಿಸಿದ್ರೆ ಹೆಂಗೆ?' ಅಂತ ತಕರಾರು ತೆಗೆದರು. ಕಂಡಕ್ಟರ್ ಸುಮ್ಮನಿರುತ್ತಾನೆಯೇ? 'ಏನ್ ಟೀಚರಮ್ಮ, ಇಷ್ಟಕ್ಕೇ ಸುಸ್ತಾದ್ರೆ ನಾಳೆ ಮಕ್ಕಳ ಹಿಂದೆ ಹೆಂಗ್ ಓಡ್ತೀರ?' ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗಿಯರೂ ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ.

'ಓಡೋಕೆ ನಮ್ಮನ್ನ ಯಾರು ಬಿಟ್ಟಿದ್ದಾರೆ ಅಣ್ಣ?' ಅಂದಳು.

ಆ ಮಾತು ಹಿಡಿದುಕೊಂಡು ನಾನು ಹದಿನೈದು ದಿನ ಈ ಹುಡುಗ ಹುಡುಗಿಯರನ್ನು ಮಾತಾಡಿಸಿದೆ. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು ಬಿ.ಇಡಿ.ಯವರ ವಿಷಯಕ್ಕೆ ಯಾಕೆ ಬಂದ ಅಂತ ಕೇಳಬೇಡಿ. ನನ್ನ ಮಗನೂ ಮುಂದೆ ಇವರ ಕೈಯಲ್ಲೇ ಕಲಿಯಬೇಕು, ನಿಮ್ಮ ಮಕ್ಕಳೂ ಅಷ್ಟೆ.

ಹೊಸ ಮೇಷ್ಟ್ರು ಓಡಿದರೆಷ್ಟು ಬಿಟ್ಟರೆಷ್ಟು, ಪಾಠ ಹೇಳಿದರೆ ಸಾಲದೆ ಅನ್ನುವವರಿದ್ದಾರೆ. ಅವರಿಗೊಂದು ಲೆಕ್ಕ ಹೇಳುತ್ತೇನೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಾನು ಕೊಡಬೇಕು ಅಂತ ಬರೆದಿದೆ. ಬಹಳ ಸಂತೋಷ. ಆದರೆ ಆಟ ಆಡಿಸುವವರು? ಆರರಿಂದ ಎಂಟನೇ ತರಗತಿವರೆಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕಂತೆ. ಒಂದರಿಂದ ಐದರವರೆಗೆ ಆ ಮಾತೇ ಇಲ್ಲ! ಅರವತ್ತು ಮಕ್ಕಳವರೆಗಿನ ಶಾಲೆಗೆ ಇಬ್ಬರು ಉಪಾಧ್ಯಾಯರು, ಮುಗಿಯಿತು. ಹೆತ್ತೂರು, ಯಸಳೂರು, ಹಾನುಬಾಳು ಕಡೆ ತೋಟದ ಸಂದಿಯ ಶಾಲೆಗಳಲ್ಲಿ ಅರವತ್ತು ಮಕ್ಕಳೆಲ್ಲಿ ಬಂತು ಸ್ವಾಮಿ? ಅಲ್ಲಿ ಕನ್ನಡ ಹೇಳುವವರೇ ಲೆಕ್ಕ ಹೇಳಬೇಕು, ಬಿಸಿಯೂಟ ನೋಡಬೇಕು, ಸಂಜೆ ಶಿಳ್ಳೆ ಹಿಡಿದು ಬಯಲಿಗಿಳಿಯಬೇಕು. ಅವರು ಇಳಿಯಲಿಲ್ಲವೋ, ಆ ಶಾಲೆಯಲ್ಲಿ ಆಟವೇ ಇಲ್ಲ. ಡ್ರಿಲ್ ಮೇಷ್ಟ್ರು ಬರುತ್ತಾರೆ ಅಂತ ಕಾಯುವ ಹಾಗೂ ಇಲ್ಲ.

ಆದ್ದರಿಂದಲೇ ಕೇಳುತ್ತಿದ್ದೇನೆ. ಟ್ರೈನಿಂಗ್ ಮುಗಿದ ಮೇಲೂ ಇವರ ಕೈಕಾಲು ಆಡುತ್ತಿರಬೇಕಾದರೆ ಯಾವುದು ಅವರನ್ನು ಎಬ್ಬಿಸಬೇಕು?

ಸರ್ಕಾರದ ಉತ್ತರ ಸುಲಭ: ಮಾರ್ಕ್ಸು, ಹಾಜರಿ, ದಾಖಲೆ ಪುಸ್ತಕ. ೨೦೧೪ರಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ ಹೊಸ ನಿಯಮ ತಂದಿತು. ಒಂದು ವರ್ಷದ ಬಿ.ಇಡಿ. ಎರಡು ವರ್ಷಕ್ಕೆ ಹಿಗ್ಗಿತು. ವರ್ಷಕ್ಕೆ ಕಮ್ಮಿಯೆಂದರೆ ೨೦೦ ದಿನ, ವಾರಕ್ಕೆ ೩೬ ಗಂಟೆ ಕಾಲೇಜು ನಡೆಯಬೇಕು, ಇಪ್ಪತ್ತು ವಾರ ಶಾಲೆಗಳಿಗೆ ಹೋಗಿ ಕೆಲಸ ಕಲಿಯಬೇಕು ಅಂತಾಯಿತು. ಆರೋಗ್ಯ, ಯೋಗ, ದೈಹಿಕ ಶಿಕ್ಷಣ ಎಲ್ಲ ಪಾಠಪಟ್ಟಿಯೊಳಗೆ ಬಂದವು. ತಪ್ಪೇನಿಲ್ಲ, ಒಳ್ಳೆಯದೇ. ಆದರೆ ಪಟ್ಟಿಯೊಳಗೆ ಬಂದ ಯೋಗ ಬಯಲಿಗೆ ಬರಬೇಕಲ್ಲ! ನಾನು ಕಂಡ ಒಂದು ಕಾಲೇಜಿನಲ್ಲಿ (ಹೆಸರು ಬೇಡ, ಜಾಹೀರಾತು ಕೊಡುವವರು) ಸೂರ್ಯನಮಸ್ಕಾರದ ಹನ್ನೆರಡು ಭಂಗಿಯನ್ನು ಪೆನ್ಸಿಲಿನಲ್ಲಿ ಬರೆದು, ಬಣ್ಣ ಹಚ್ಚಿ, ಬೈಂಡು ಹಾಕಿಸಿ ಇಟ್ಟಿದ್ದರು. ಚಿತ್ರ ಬಲು ಚೆನ್ನಾಗಿತ್ತು. 'ಇದರಲ್ಲಿ ಎಷ್ಟು ಬರುತ್ತಮ್ಮ?' ಅಂದೆ. 'ಚಿತ್ರ ಬಿಡಿಸಿಕೊಟ್ಟಿದ್ದು ನಮ್ಮ ತಮ್ಮ ಸಾರ್' ಅಂದಳು ಮಹಾತಾಯಿ. ಜೂನ್ ೨೧ರ ಯೋಗ ದಿನಕ್ಕೆ ಚಾಪೆ ಹಾಸುತ್ತಾರೆ, ಫೋಟೋ ತೆಗೆಯುತ್ತಾರೆ, ಜೂನ್ ೨೨ಕ್ಕೆ ಚಾಪೆ ಸುತ್ತಿ ಅಟ್ಟಕ್ಕೆ. ೨೦೧೫ರಿಂದ ಇದೇ ನಡೆದಿದೆ.

ಮಾರ್ಕ್ಸಿನ ಆಸೆ ಯಾಕೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಒಂದು ಕಥೆ ಇದೆ. ಕಟ್ಟುಕಥೆ ಅಲ್ಲ, ಪ್ರಯೋಗ. ೧೯೭೧ರಲ್ಲಿ ಅಮೆರಿಕದ ಎಡ್ವರ್ಡ್ ಡೆಸಿ ಅನ್ನುವ ಮನಶ್ಶಾಸ್ತ್ರಜ್ಞ ಕಾಲೇಜು ಹುಡುಗರ ಕೈಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟ. ಎಲ್ಲರೂ ಆಸಕ್ತಿಯಿಂದ ಜೋಡಿಸುತ್ತಿದ್ದರು. ಆಮೇಲೆ ಅರ್ಧ ಜನಕ್ಕೆ ಮಾತ್ರ ಬಿಡಿಸಿದ ಒಂದೊಂದು ಒಗಟಿಗೆ ಒಂದೊಂದು ಡಾಲರು ಕೊಟ್ಟ. ಮೂರನೇ ಸಲ ದುಡ್ಡು ನಿಲ್ಲಿಸಿ, ಏನೋ ನೆಪ ಹೇಳಿ ರೂಮಿನಿಂದ ಆಚೆ ಹೋಗಿ ಕದ್ದು ನೋಡಿದ. ದುಡ್ಡಿನ ರುಚಿ ಕಂಡವರು ಮೊದಲಿನಷ್ಟು ಒಗಟು ಮುಟ್ಟಲಿಲ್ಲ, ಪಕ್ಕದಲ್ಲಿದ್ದ ಪತ್ರಿಕೆ ತಿರುವಿ ಹಾಕಿದರು. ದುಡ್ಡೇ ಕಾಣದವರ ಆಸಕ್ತಿ ಹಾಗೆ ಇಳಿಯಲಿಲ್ಲ. ನಮ್ಮ ಅಂಗಡಿ ಯಜಮಾನರಿಗೆ ಇದು ಹೊಸದಲ್ಲ. ಹಬ್ಬಕ್ಕೆ ರಿಯಾಯಿತಿ ಬೋರ್ಡು ಹಾಕಿ, ಹಬ್ಬ ಮುಗಿದ ಮೇಲೆ ತೆಗೆದು ನೋಡಿ, ಗಿರಾಕಿ ಎಲ್ಲಿ ಹೋದ ಅಂತ.

ಈ ಒಗಟನ್ನು ನಮ್ಮೂರಲ್ಲೇ ನೋಡಬೇಕೆಂದರೆ ಬೆಳಗಿನ ಐದೂವರೆಗೆ ಯಾವುದಾದರೂ ಹೈಸ್ಕೂಲ್ ಮೈದಾನಕ್ಕೆ ಬನ್ನಿ. ಮಂಜಿನೊಳಗೆ ಹುಡುಗರು ಸುತ್ತು ಹಾಕುತ್ತಿರುತ್ತಾರೆ. ಅವರು ಟ್ರೈನಿಂಗ್ ಹುಡುಗರಲ್ಲ. ಪೊಲೀಸ್ ಸೆಲೆಕ್ಷನ್ನಿಗೆ ೧೬೦೦ ಮೀಟರ್ ಓಡಬೇಕಾದವರು, ಮಿಲಿಟರಿಗೆ ಸೇರುವ ಆಸೆಯವರು. ಮೇಷ್ಟ್ರ ಕೆಲಸಕ್ಕೆ ಓಟದ ಪರೀಕ್ಷೆ ಇಲ್ಲ, ಟಿ.ಇ.ಟಿ. ಬರೆದು ಸ್ಪರ್ಧಾ ಪರೀಕ್ಷೆ ಗೆದ್ದರೆ ಸಾಕು. ಹಾಗಾದರೆ ಇವರಿಗೂ ಓಟ ಇಡಿ ಅನ್ನುತ್ತಾರೆ ಕೆಲವು ಹಿರಿಯರು. ಬೇಡ ಮಹಾರಾಯರೆ! ಓಡಿ ಸೆಲೆಕ್ಟ್ ಆದ ನನ್ನ ಗೆಳೆಯರೇ ಇದ್ದಾರೆ. ಆರ್ಡರು ಕೈಗೆ ಬಂದ ದಿನ ಬೂಟು ಬಿಚ್ಚಿದವರು ಮತ್ತೆ ಹಾಕಲಿಲ್ಲ. ಈಗ ಬೆಲ್ಟಿಗೆ ವರ್ಷಕ್ಕೊಂದು ಹೊಸ ತೂತು ಕೊರೆಸುತ್ತಾರೆ.

ಈಗ ಹುಡುಗಿಯರು ನನಗೆ ಹೇಳಿದ್ದಕ್ಕೆ ಬರೋಣ.

ಆರೋಗ್ಯಕ್ಕೋಸ್ಕರ ಅಂತ ಮೊದಲು ಎಲ್ಲರೂ ಅಂದರು. ಪೇಪರಿನವನು ಕೇಳಿದರೆ ಹಾಗೇ ಅನ್ನಬೇಕಲ್ಲ. ಎರಡನೇ ದಿನ ನಿಜ ಬಂತು. ಮದುವೆ ಮಾತು ನಡೀತಿದೆ, ಸ್ವಲ್ಪ ಇಳೀಬೇಕು ಅಂದವಳೊಬ್ಬಳು. ಕೂತು ಕೂತು ಬೆನ್ನು ನೋವು ಅಂದವಳು ಇನ್ನೊಬ್ಬಳು. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದವರೆಗೆ ಖೋಖೋ ಆಡಿದ್ದೆ, ಈಗಲೂ ಕಂಬ ಕಂಡರೆ ಕಾಲು ತಡೆಯಲ್ಲ ಅಂದವಳು ಮತ್ತೊಬ್ಬಳು. 'ಜೊತೆಗೆ ಯಾರಾದ್ರೂ ಬಂದ್ರೆ ನಾನೂ ಹೋಗ್ತೀನಿ' ಅನ್ನುವ ಮಾತಂತೂ ಎಲ್ಲರ ಬಾಯಲ್ಲೂ ಬಂತು. ಹೀಗೆ ಸಾಲು ಸಾಲು ಕಾರಣ. ಆದರೆ 'ಮಾರ್ಕ್ಸ್ ಕೊಡ್ತಾರೆ ಅಂತ ಆಡೋಕೆ ಶುರು ಮಾಡಿದೆ, ಈಗಲೂ ಆಡ್ತಿದ್ದೀನಿ' ಅಂದವರು ಒಬ್ಬರೂ ಸಿಗಲಿಲ್ಲ ನನಗೆ.

ಒಬ್ಬಳ ಕಥೆ ಮಾತ್ರ ವಿವರವಾಗಿ ಹೇಳಬೇಕು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯವಳು. ಶಾಲೆಗೆ ಪಾಠ ಮಾಡಲು ಕಳಿಸಿದಾಗ ಮೊದಲ ವಾರ ಹೆದರಿ ಸತ್ತಿದ್ದಳಂತೆ. ಮಕ್ಕಳು ಮಾತು ಕೇಳುತ್ತಿರಲಿಲ್ಲ, ಚಾರ್ಟು ತೋರಿಸಿದರೆ ಆಕಳಿಸುತ್ತಿದ್ದರು. ಒಂದು ಸಂಜೆ ಮಕ್ಕಳು ಲಗೋರಿ ಆಡುತ್ತಿದ್ದಾಗ ಒಂದು ಪಾರ್ಟಿಗೆ ಒಬ್ಬರು ಕಮ್ಮಿ ಬಿದ್ದರು. 'ಮಿಸ್, ನೀವು ಬನ್ನಿ' ಅಂತ ಒಂದು ಹುಡುಗಿ ಸೀರೆ ಸೆರಗು ಹಿಡಿದು ಎಳೆಯಿತು. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಚೆಂಡಿನ ಏಟು ತಿಂದಳು, ಬಿದ್ದಳು, ಮಂಡಿ ತರಚಿಕೊಂಡಳು. 'ಮಾರನೇ ದಿನ ಕ್ಲಾಸಿಗೆ ಹೋದ್ರೆ ಮಕ್ಕಳು ಎಲ್ಲಾ ಎದ್ದು ನಿಂತು, ಮಿಸ್ ಮಂಡಿ ಹೆಂಗಿದೆ ಅಂದ್ವು ಅಣ್ಣ. ಅವತ್ತಿಂದ ಪಾಠನೂ ಕೇಳಿದ್ವು' ಅಂದಳು. ಆಮೇಲೆ ದಿನಾ ಸಂಜೆ ಆಟ. ಉಸಿರು ಹಿಡಿಯಲ್ಲ ಅಂತ ಊರಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆಯೋದು ಶುರು ಮಾಡಿದಳು, ತಂಗಿಯನ್ನೂ ಎಬ್ಬಿಸಿಕೊಂಡು. ಯಾರೂ ಹೇಳಿರಲಿಲ್ಲ, ಯಾರೂ ಬರೆದುಕೊಳ್ಳಲಿಲ್ಲ. ಅವಳ ದೈಹಿಕ ಶಿಕ್ಷಣದ ದಾಖಲೆ ಪುಸ್ತಕದಲ್ಲಿ ಲಗೋರಿ ಅನ್ನುವ ಪದವೇ ಇಲ್ಲ!

ಅದೇ ಡೆಸಿ, ರಿಚರ್ಡ್ ರಯಾನ್ ಅನ್ನುವವರ ಜೊತೆ ಸೇರಿ ೧೯೮೫ರಲ್ಲಿ ಪುಸ್ತಕ ಬರೆದು ಇದನ್ನು ಸಿದ್ಧಾಂತವನ್ನೇ ಮಾಡಿದರು. ನನಗೆ ತಿಳಿದ ಮಟ್ಟಿಗೆ ಅದರ ಸಾರ ಇಷ್ಟು: ಮನುಷ್ಯ ಒಂದು ಕೆಲಸಕ್ಕೆ ಅಂಟಿಕೊಳ್ಳಬೇಕಾದರೆ ಅದು ತಾನೇ ಆರಿಸಿಕೊಂಡದ್ದು ಅನ್ನಿಸಬೇಕು, ತನ್ನ ಕೈಲಾಗುತ್ತದೆ ಅನ್ನಿಸಬೇಕು, ಜೊತೆಗೆ ತನ್ನವರು ಅನ್ನುವವರು ಇರಬೇಕು. ಹೊಸಕೋಟೆ ಕಡೆಯ ಹುಡುಗಿಗೆ ಮೂರೂ ಒಂದೇ ಸಂಜೆ ಸಿಕ್ಕಿತು, ಸೆರಗು ಹಿಡಿದು ಎಳೆದ ಒಂದು ಮಗುವಿನಿಂದ.

ಇನ್ನು ಬಸ್ಸಿನ ಹುಡುಗಿ ಕೇಳಿದ ಪ್ರಶ್ನೆ. ಓಡೋಕೆ ಯಾರು ಬಿಟ್ಟಿದ್ದಾರೆ?

ಮೊದಲನೆಯದು ಸೀರೆ. ಪಾಠಕ್ಕೆ ಸೀರೆ ಉಡಲಿ, ಬೇಡ ಅನ್ನುವುದಿಲ್ಲ. ಆದರೆ ಆಟದ ಪೀರಿಯಡ್ಡಿಗೆ ಚೂಡಿದಾರ್ ಹಾಕಿಕೊಳ್ಳಲು ಬಟ್ಟೆ ಬದಲಿಸುವ ಒಂದು ಕೋಣೆ ಬೇಡವೆ? ನಾನು ಕೇಳಿದ ಕಡೆ, ಕೋಣೆ ಇದೆ, ಅದರಲ್ಲಿ ಹಳೇ ಬೆಂಚು ತುಂಬಿದೆ ಅಂದರು. ಮೈದಾನದ ಕಾಂಪೌಂಡಿನ ಮೇಲೆ ಸಾಲಾಗಿ ಕೂತು ಹಲ್ಲು ಕಿರಿಯುವ ಪಡ್ಡೆಗಳದು ಇನ್ನೊಂದು ಕಾಟ. ಹುಡುಗಿ ಚೆಂಡು ಎಸೆದರೆ ಶಿಳ್ಳೆ, ಬಿದ್ದರೆ ಎರಡು ಶಿಳ್ಳೆ. ನಮ್ಮ ಅಂಗಡಿ ಮುಂದೆ ನಿಲ್ಲುವ ಹುಡುಗರೇ ಅವರು. ಯಜಮಾನರು ಒಂದು ಮಾತು ಗದರಿದರೆ ಸಾಕು.

ಎರಡನೆಯದು ಆನೆ. ಇದು ತಮಾಷೆ ಅಲ್ಲ. ಬೆಳಿಗ್ಗೆ ಎದ್ದು ನಡೆಯಿರಿ ಅಂತ ಹಾಸನದಲ್ಲಿ ಕೂತ ಡಾಕ್ಟರು ಹೇಳಬಹುದು. ಮಗ್ಗೆ ಕಡೆಯ ತಾಯಿ ಮಗಳನ್ನು ಮಂಜಿನಲ್ಲಿ ಹೇಗೆ ಕಳಿಸಿಯಾಳು? ೨೦೧೨ರಲ್ಲಿ ಹೈಕೋರ್ಟಿನ ಆದೇಶದಂತೆ ಆದ ಆನೆ ಕಾರ್ಯಪಡೆ ವರದಿ ಕೊಟ್ಟಿತು, ಆಲೂರು ಭಾಗದಲ್ಲಿ ಇಪ್ಪತ್ತಕ್ಕೂ ಮೇಲೆ ಆನೆ ಹಿಡಿದು ಸಾಗಿಸಿದರು, ಆದರೂ ಕಾಟ ನಿಲ್ಲಲಿಲ್ಲ. ೨೦೨೩ರ ಡಿಸೆಂಬರ್ ೪ರಂದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋಗಿ ದಸರಾ ಅಂಬಾರಿ ಹೊತ್ತ ಅರ್ಜುನನೇ ಪ್ರಾಣ ಬಿಟ್ಟ. ಅಂಬಾರಿ ಆನೆಗೇ ಹಾಗಾದ ಕಾಡಿನ ದಾರಿಯಲ್ಲಿ ಆರೋಗ್ಯಕ್ಕಾಗಿ ನಡೆಯಿರಿ ಅನ್ನುವುದು ಹೇಗೆ? ಇನ್ನು ಹೆದ್ದಾರಿ ಪಕ್ಕ ನಡೆಯೋಣ ಅಂದರೆ ಟ್ಯಾಂಕರುಗಳು ಮೈಗೆ ತಾಗಿಕೊಂಡೇ ಹೋಗುತ್ತವೆ. ಜೂನಿನಿಂದ ಮೂರು ತಿಂಗಳು ಮಳೆ, ಕಾಲಿಗೆ ಇಂಬಳ. ಅಂದಮೇಲೆ ಈ ಹುಡುಗಿಯರಿಗೆ ಧೈರ್ಯವಾಗಿ ಓಡಾಡುವ ಜಾಗ ಇರುವುದು ಕಾಲೇಜಿನ ಕಾಂಪೌಂಡು ಒಂದೇ.

ಮೂರನೆಯದು ಬಸ್ಸು. ೨೦೨೩ರ ಜೂನ್ ೧೧ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ನಡೆಯೋದೇ ಬಿಟ್ಟರು ಅಂತ ಬಸ್ಸಿನಲ್ಲಿ ಗಂಡಸರು ಗೊಣಗುವುದನ್ನು ದಿನಾ ಕೇಳುತ್ತೇನೆ. ನನಗೆ ಈ ಗೊಣಗಾಟ ಸರಿಬರುವುದಿಲ್ಲ. ಚಾರ್ಜಿಗೆ ಕಾಸಿಲ್ಲದೆ ಮೂರು ಮೈಲಿ ನಡೆದದ್ದು ವ್ಯಾಯಾಮ ಅಲ್ಲ, ಬಡತನ. ಆ ಬಸ್ಸಿನಿಂದಲೇ ಎಷ್ಟೋ ಹುಡುಗಿಯರು ಟ್ರೈನಿಂಗಿಗೆ ಬಂದದ್ದು. ತೊಂದರೆ ಇರುವುದು ಟೈಮಿನಲ್ಲಿ. ಕಾಲೇಜು ಬಿಡುವುದಕ್ಕೂ ಹಳ್ಳಿಯ ಕೊನೇ ಬಸ್ಸಿಗೂ ನಡುವೆ ಕಾಲು ಗಂಟೆ ಇರುತ್ತದೆ. ಅದು ತಪ್ಪಿದರೆ ಆಟೋಗೆ ಇನ್ನೂರು, ಅಪ್ಪನ ಕೈಲಿ ಬೈಗುಳ ಪುಕ್ಕಟೆ. ಹೀಗಿರುವಾಗ ಸಂಜೆ ಆಟ ಆಡಿ ಅಂದರೆ ಯಾರು ಉಳಿಯುತ್ತಾರೆ? ಡಿಪೋ ಮ್ಯಾನೇಜರೂ ಕಾಲೇಜಿನವರೂ ಒಮ್ಮೆ ಎದುರು ಬದುರು ಕೂತರೆ ಈ ಅರ್ಧ ಗಂಟೆ ಹೊಂದಿಸಲಾರದಷ್ಟು ದೊಡ್ಡದೆ?

ನಾಲ್ಕನೆಯದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಪಾಠ ಮಾಡುವ ಲೆಕ್ಚರರುಗಳು ಬಯಲಿಗೆ ಇಳಿಯುವುದಿಲ್ಲ. ನೆರಳಿನಲ್ಲಿ ಕುರ್ಚಿ ಹಾಕಿಸಿ ಹಾಜರಿ ಕೂಗುತ್ತಾರೆ. ನಾನು ಓದುವಾಗ ನಮಗೊಬ್ಬ ಲೆಕ್ಕದ ಮೇಷ್ಟ್ರಿದ್ದರು. ಪಂಚೆ ಎತ್ತಿ ಕಟ್ಟಿ ನಮ್ಮ ಜೊತೆ ಕಬಡ್ಡಿ ಆಡುತ್ತಿದ್ದರು, ಔಟಾದರೆ ವಾದ ಮಾಡದೆ ಹೋಗಿ ಗೆರೆಯಾಚೆ ಕೂರುತ್ತಿದ್ದರು. ಅವರು ಹೇಳಿದ ಲೆಕ್ಕ ನನಗೆ ಹತ್ತಲಿಲ್ಲ, ಅದಕ್ಕೇ ಈ ಕೆಲಸದಲ್ಲಿದ್ದೇನೆ. ಆದರೆ ಇವತ್ತಿಗೂ ಭಾನುವಾರ ಕಬಡ್ಡಿ ಬಿಟ್ಟಿಲ್ಲ.

ಮನೇಲಿ ಕೆಲಸ ಮಾಡಲ್ವ, ಅದೇ ವ್ಯಾಯಾಮ ಅನ್ನುವ ವಾದವೂ ಬಂತು. ನಿಜ, ಈ ಹುಡುಗಿಯರು ಸೋಮಾರಿಗಳಲ್ಲ. ಐದಕ್ಕೆದ್ದು ಕಸ ಬಳಿದು, ಹಾಲು ಕರೆದು, ನೀರು ಹೊತ್ತು ಬಸ್ಸು ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ೧೫೦ ನಿಮಿಷದಿಂದ ೩೦೦ ನಿಮಿಷ ಮೈ ಬೆಚ್ಚಗಾಗುವಂತೆ ದುಡಿಯಬೇಕು ಅನ್ನುತ್ತದೆ. ಅದರಲ್ಲಿ ಮನೆಗೆಲಸವನ್ನೂ ಲೆಕ್ಕ ಹಿಡಿಯುತ್ತದೆ. ಆದರೂ ೨೦೨೨ರ ಅಂದಾಜಿನಂತೆ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ೫೭, ಗಂಡಸರಲ್ಲಿ ನೂರಕ್ಕೆ ೪೨ ಮಂದಿ ಅಷ್ಟು ಮೈ ಆಡಿಸುವುದಿಲ್ಲ ಅಂತ ೨೦೨೪ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯ ಪತ್ರಿಕೆಯಲ್ಲಿ ಬಂತು. ನನ್ನ ಮಾತು ಅದಲ್ಲ. ಸಗಣಿ ಬಳಿದವಳಿಗೆ ಮೈ ನೋಯುತ್ತದೆ, ಲಗೋರಿ ಆಡಿದವಳಿಗೂ ಮೈ ನೋಯುತ್ತದೆ. ನಗುತ್ತಾ ಮನೆಗೆ ಹೋಗುವವಳು ಎರಡನೆಯವಳು. ಮಕ್ಕಳಿಗೆ ದಾಟಿಸಬೇಕಾದದ್ದೂ ಅದೇ.

ಶನಿವಾರ ಭಾನುವಾರ ಬೆಂಗಳೂರಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಮೂರ್ಕಣ್ಣು ಗುಡ್ಡ, ಪಾಂಡವರ ಗುಡ್ಡ, ಜೇನುಕಲ್ಲು ಅಂತ ದುಡ್ಡು ಸುರಿದು ಹತ್ತುತ್ತಾರೆ. ನೀರಿನ ಬಾಟಲಿ, ಬಿಸ್ಕತ್ತು ಮಾರುವ ನಿಮಗೇ ಗೊತ್ತು. ೧೭೯೨ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಸಕಲೇಶಪುರದಿಂದ ಕೂಗಳತೆಯಲ್ಲಿದೆ. ನಾನು ಮಾತಾಡಿಸಿದವರಲ್ಲಿ ಅದರ ಮೆಟ್ಟಿಲು ಹತ್ತಿದವರು ನಾಲ್ಕೇ ಜನ, ಅದೂ ಹೈಸ್ಕೂಲಿನಲ್ಲಿದ್ದಾಗ. ಅದೇ ನಕ್ಷತ್ರದ ಆಕಾರದ ಕೋಟೆಯ ಚಿತ್ರವನ್ನು ಚಾರ್ಟಿನಲ್ಲಿ ಬರೆದು ಏಳನೇ ಕ್ಲಾಸಿಗೆ ಪಾಠ ಮಾಡಿದ್ದಾರೆ. ಗುಂಪಾಗಿ, ಹಗಲಿನಲ್ಲಿ, ಇತಿಹಾಸದ ಲೆಕ್ಚರರೂ ಜೊತೆಗೆ ಹತ್ತಿ, ಕೋಟೆಯ ಮೂಲೆಗಳನ್ನು ಎಣಿಸಿ ಬಂದರೆ ಯಾವ ನಿಯಮ ಅಡ್ಡ ಬರುತ್ತದೆ?

ಒಂದು ಕಾಲೇಜಿನಲ್ಲಿ ಕೊನೇದಾಗಿ ಕೇಳಿದೆ, ಆಟದ ಸಾಮಾನು ಏನಿದೆ ಅಂತ. ಇದೆ ಅಂದರು, ತೋರಿಸಿದರು. ಕಬ್ಬಿಣದ ಬೀರು. ಗಾಜಿನೊಳಗೆ ಎರಡು ಥ್ರೋಬಾಲು, ಒಂದು ನೆಟ್ಟು, ಸ್ಕಿಪ್ಪಿಂಗ್ ಹಗ್ಗದ ಕಟ್ಟು, ಇನ್ನೂ ಪ್ಲಾಸ್ಟಿಕ್ ಕವರು ಬಿಚ್ಚಿಲ್ಲ. ಬೀಗದ ಕೈ ಯಾರ ಹತ್ತಿರ? ಅಟೆಂಡರು ಗುಮಾಸ್ತರ ಹತ್ತಿರ ಅಂದ. ಗುಮಾಸ್ತರು ಪ್ರಿನ್ಸಿಪಾಲರ ಹತ್ತಿರ ಅಂದರು. ಪ್ರಿನ್ಸಿಪಾಲರು ಮೀಟಿಂಗಿಗೆ ಹಾಸನಕ್ಕೆ ಹೋಗಿದ್ದರು. ಅಷ್ಟರಲ್ಲಿ ನಾಲ್ಕೂ ಇಪ್ಪತ್ತರ ಬಸ್ಸು ಹಾರ್ನ್ ಹೊಡೆಯಿತು. ಹುಡುಗಿಯರು ಚಾರ್ಟು ಎತ್ತಿಕೊಂಡು ಗೇಟಿನ ಕಡೆಗೆ ಓಡಿದರು. ಅವತ್ತು ನಾನು ಕಂಡ ಓಟ ಅದೊಂದೇ.